ಹದಿನಾಲ್ಕನೇ ಜಾಗ

"ಹೇ ಕಾಯ್ ಆಹೆ?" ಇದು ಏನೆಂದು ಮರಾಠಿಯಲ್ಲಿ ಕೇಳುತ್ತ ಡಾಕ್ಟರ್ ಪ್ರಣಿತಾ ಕುರಿಯ ಚಿತ್ರ ಹಿಡಿದರು.

"ಮೇಂಢಿ" ಅಂದಳು ಪ್ರಾಜಕ್ತಾ. ಅವಳ ತಲೆಯ ಪಟ್ಟಿಯೊಳಗಿಂದ ಹೊರಬಂದ ತಂತಿಗಳು ಪಕ್ಕದ ಯಂತ್ರಕ್ಕೆ ಸೇರಿದ್ದವು. ಮಿದುಳಿನ ಹದಿನಾಲ್ಕನೇ ಜಾಗಕ್ಕೆ ಚೂರು ಕರೆಂಟು ಬಿಟ್ಟಿದ್ದರೂ ಮಾತು ನಿಲ್ಲಲಿಲ್ಲ. ಡಾಕ್ಟರ್ ಹಾಳೆಯ ಮೇಲೆ ಹಸಿರು ಗುರುತು ಹಾಕಿದರು. ಹಸಿರೆಂದರೆ ನಾಡಿದ್ದಿನ ಮೂರ್ಛೆರೋಗದ ಆಪರೇಷನ್‌ನಲ್ಲಿ ಅಲ್ಲಿ ಕತ್ತರಿಸಬಹುದು. ಮಾತು ನಿಂತ ಕಡೆ ಕೆಂಪು, ಅದನ್ನು ಮುಟ್ಟುವುದಿಲ್ಲ.

ಮೂಲೆಯ ಸ್ಟೂಲಿನ ಮೇಲೆ ತಾಯಿ ತುಳಜಾಬಾಯಿ ಕೂತಿದ್ದಳು. ಸೊಲ್ಲಾಪುರದ ಈ ಆಸ್ಪತ್ರೆಗೆ ಮಗಳನ್ನು ಭರ್ತಿ ಮಾಡುವಾಗ ಮನೆಮಾತು ಯಾವುದೆಂದು ಕೇಳಿದ್ದಕ್ಕೆ ಮರಾಠಿ ಅಂದುಬಿಟ್ಟಿದ್ದಳು. ಚಪಳಗಾಂವದ ಈ ಕುರಿಗಾರರ ಮನೆಯವರು ಅಕ್ಕಲಕೋಟೆಯ ಕಚೇರಿಗಳಲ್ಲೂ ಹಾಗೇ ಅನ್ನುವವರು. ಈ ಸಲ ರೂಢಿಯ ಜೊತೆಗೆ ಹೆದರಿಕೆಯೂ ಇತ್ತು. ಆಪರೇಷನ್ ಮಹಾರಾಷ್ಟ್ರ ಸರ್ಕಾರದ ಪುಕ್ಕಟೆ ಯೋಜನೆಯದು. ಕನ್ನಡದವರೆಂದು ಗೊತ್ತಾಗಿ, ನಿಮ್ಮ ಕರ್ನಾಟಕಕ್ಕೆ ಹೋಗಿ ಅಂದುಬಿಟ್ಟರೆ? ಡಾಕ್ಟರ ಮುಂದೆ ಕನ್ನಡ ಆಡಬೇಡವೆಂದು ಮಗಳಿಗೂ ತಾಕೀತು ಮಾಡಿದ್ದಳು. ಮೂರ್ಛೆ ಬಂದು ಎರಡು ಸಲ ಒಲೆಯ ಮೇಲೆ ಬಿದ್ದ ಹುಡುಗಿ ಅದು. ಅಂಥವಳ ತಾಯಿ ಹೇಳಿದ ಸುಳ್ಳಿಗೆ ಯಾರು ತಾನೇ ಸಿಟ್ಟಾಗಬೇಕು!

ಖಾತ್ರಿಗೆಂದು ಡಾಕ್ಟರ್ ಅದೇ ಜಾಗಕ್ಕೆ ಮತ್ತೊಮ್ಮೆ ಕರೆಂಟು ಬಿಟ್ಟರು. ಪ್ರಾಜಕ್ತಾ "ಮೇಂಢಿ" ಅಂದು, ನಗುತ್ತ ತಾಯಿಯ ಕಡೆ ತಿರುಗಿ ಏನೋ ಹೇಳಹೋದಳು. ತುಟಿ ಅಲುಗಾಡಿತು, ದನಿ ಬರಲಿಲ್ಲ. ಡಾಕ್ಟರ್ ಯಂತ್ರ ನೋಡುತ್ತಿದ್ದರು.

ಕರೆಂಟು ನಿಂತ ಮೇಲೆ ಹುಡುಗಿ ಪಿಸುಗುಟ್ಟಿದಳು. "ಯವ್ವಾ, ನಮ್ಮ ಕುರಿ ಇದಕ್ಕಿಂತ ದಪ್ಪ ಅದಾವ ಅನ್ನಾಕ ಹೋದ್ನಿ. ಒಂದ ಮಾತೂ ಬರ್ಲಿಲ್ಲ."

"ಅಲ್ಲೇ ಹಸರ ಹಾಕ್ಯಾರಲ್ಲ!"

"ಇರ್ಲಿ ಬಿಡ. ಖರೆ ಹೇಳಿದ ಮ್ಯಾಲ ಅವರು ಆಪರೇಷನ್ನ ಬ್ಯಾಡ ಅಂದ್ರ?"

"ನನಗ ಮರಾಠಿ ಎಷ್ಟ ಬರ್ತೈತಿ? ಮನಿಗಿ ಬಂದು ನನ್ನ ಜೋಡಿ ಯಾ ಬಾಯಿಲೆ ಮಾತಾಡ್ತಿ?"

ತುಳಜಾಬಾಯಿ ಎದ್ದು ಡಾಕ್ಟರ ಮುಂದೆ ನಿಂತಳು. "ಮ್ಯಾಡಮ್, ಮೀ ಖೋಟಂ ಬೋಲ್ಲೆ" ಅಂದಳು. ಸುಳ್ಳು ಹೇಳಿದೆ ಅನ್ನುವಷ್ಟು ಮರಾಠಿ ಅವಳಿಗಿತ್ತು. ಮುಂದಿನದನ್ನೆಲ್ಲ ಕನ್ನಡದಲ್ಲೇ ತೋಡಿಕೊಂಡಳು. ಮಗಳು ಮಲಗಿದಲ್ಲಿಂದಲೇ ಮರಾಠಿ ಮಾಡಿ ಹೇಳಿದಳು.

ಡಾಕ್ಟರ ಮುಖ ಮೊದಲು ಕೆಂಪಾಯಿತು, ಆಮೇಲೆ ಸಪ್ಪಗಾಯಿತು. ಯೋಜನೆಗೆ ಬೇಕಾದದ್ದು ಊರಿನ ವಿಳಾಸ, ಮನೆಯ ಮಾತಲ್ಲ ಅಂದರು. ಇದನ್ನು ಇವತ್ತೂ ಹೇಳದೆ ಇದ್ದಿದ್ದರೆ ಎಂದು ಶುರು ಮಾಡಿ ಅಲ್ಲಿಗೇ ಬಿಟ್ಟರು. ಮಿದುಳಿನಲ್ಲಿ ಒಂದು ಭಾಷೆ ನಿಲ್ಲದ ಜಾಗದಲ್ಲಿ ಇನ್ನೊಂದು ನಿಲ್ಲಬಹುದು; ಹಾಗಾಗಿ ಎಲ್ಲ ಜಾಗಗಳನ್ನೂ ಕನ್ನಡದಲ್ಲಿ ಹೊಸದಾಗಿ ನೋಡಬೇಕಿತ್ತು. ಕನ್ನಡ ಬಲ್ಲ ಸಿಸ್ಟರ್ ಮಧ್ಯಾಹ್ನದ ಪಾಳಿಯವಳು. ಅಲ್ಲಿಯತನಕ ನೀವೇ ಕೇಳಿ ಎಂದು ಚಿತ್ರಗಳ ಕಟ್ಟನ್ನು ತುಳಜಾಬಾಯಿಯ ಕೈಗೆ ಕೊಟ್ಟರು.

ಸಾಲೆಯ ಮೆಟ್ಟಿಲು ಹತ್ತದ ಹೆಂಗಸು ಟೀಚರಂತೆ ಸೆರಗು ಸರಿಮಾಡಿಕೊಂಡು ಕೂತಳು. ಕೊಡ, ಕುಡುಗೋಲು, ಬೆಕ್ಕು ಸಲೀಸಾಗಿ ಬಂದವು. ಹದಿನಾಲ್ಕರ ಸರದಿ ಬಂದಾಗ ಅವಳು ಚಿತ್ರಗಳನ್ನು ಮಡಿಲಲ್ಲಿಟ್ಟು, ತನ್ನ ಎದೆ ಮುಟ್ಟಿಕೊಂಡಳು.

"ಪ್ರಾಜೂ, ನಾ ಯಾರು?"

ಮಗಳು ನೋಡಿದಳು. ತುಟಿ ಕೂಡಿತು, ಬಿಚ್ಚಿತು, ಮತ್ತೆ ಕೂಡಿತು. ಕಣ್ಣಲ್ಲಿ ನೀರು ತುಂಬಿತು. ಕೊನೆಗೆ, ಸಾಲೆಯಲ್ಲಿ ಕಲಿತ ಮರಾಠಿಯಲ್ಲಿ, "ಆಯಿ" ಅಂದಳು.

ಹುಟ್ಟಿದಾಗಿನಿಂದ ಹಾಗೆ ಕರೆದವಳಲ್ಲ. ಡಾಕ್ಟರ್ ಹಸಿರನ್ನು ಹೊಡೆದು ಹಾಕಿ ಕೆಂಪು ಬರೆದುಕೊಂಡರು. ಕರೆಂಟು ಇನ್ನೂ ನಿಂತಿರಲಿಲ್ಲ. ತುಳಜಾಬಾಯಿ ಮುಂದೆ ಬಾಗಿ ಮಗಳ ಕೈ ಹಿಡಿದುಕೊಂಡು, "ಓ" ಅಂದಳು.