ಅಜ್ಜನನ್ನು ಯಾರೂ ಮಾತಾಡಿಸಲಿಲ್ಲ

ನೆಫ್ತಾಲಿ ಬ್ರಿಟೋ ಬಲಗೈ ಮೇಲೆತ್ತಿದರೆ ಕೀಲು ಲಟಲಟ ಅನ್ನುವುದು ಮೂರನೇ ಸಾಲಿನಲ್ಲಿ ಕಡಲೆಕಾಯಿ ತಿನ್ನುವವರಿಗೂ ಕೇಳಿಸುತ್ತಿತ್ತು. ಆ ಸದ್ದಿಗೆ ಬೆದರಿ ಸಕ್ಕರೆ ಕಾರ್ಖಾನೆಯ ಕತ್ತೆಯೊಂದು ಸಮುದ್ರಕ್ಕೆ ಹಾರಿತ್ತಂತೆ. ಸುಳ್ಳು ಅನ್ನುವವರು ಕತ್ತೆಯ ಯಜಮಾನನನ್ನು ಕೇಳಬಹುದು, ಅವನು ಈಗಲೂ ಆಣೆ ಮಾಡಿ ಹೇಳುತ್ತಾನೆ.

ದ್ವೀಪದ ಊರು ಸಾನ್ ಪೆದ್ರೊದ ಏಡಿ ಎಂಬ ಬೇಸ್‌ಬಾಲ್ ತಂಡದಲ್ಲಿ ಎಲ್ಲರೂ ಅವನನ್ನು ಅಜ್ಜ ಅನ್ನುತ್ತಿದ್ದರು. ನಲವತ್ತೂ ಆಗಿರಲಿಲ್ಲ ಪಾಪ. ಆದರೆ ಬೇಸ್‌ಬಾಲಿನಲ್ಲಿ ಚೆಂಡೆಸೆಯುವವನ ವಯಸ್ಸು ನಾಯಿಯ ವಯಸ್ಸಿನ ಹಾಗೆ, ದಡದಡ ಏರಿಬಿಡುತ್ತದೆ. ಉತ್ತರದಿಂದ ಬಿಸಿರಕ್ತದ ಹುಡುಗನೊಬ್ಬ ಸೋಮವಾರ ವಿಮಾನ ಇಳಿಯುವವನಿದ್ದ. ಅವನು ಬಂದರೆ ಒಬ್ಬ ಹೋಗಬೇಕು. ಯಾರು ಹೋಗಬೇಕೆಂದು ಊರಿನ ಕ್ಷೌರಿಕನಿಗೂ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಹೆಂಡತಿ ಬೆಲ್ಕಿಸ್ ಬೆಂದ ಬಾಳೆಕಾಯಿ ಹಿಸುಕುತ್ತ ಅಂದಳು, "ಹೋದ್ರೆ ಹೋಗ್ಲಿ ಬಿಡು. ನಮ್ಮಣ್ಣನ್ ಥರ ಮೋಟಾರ್‌ಸೈಕಲ್ ಮೇಲೆ ಜನಾನ ಕೂರಿಸ್ಕೊಂಡು ಓಡಾಡು."

"ನಂಗೆ ಬರೋದು ಒಂದೇ ಕಣೇ. ಗುಂಡಗಿರೋದನ್ನ ದೂರ ಎಸೆಯೋದು."

"ಹಂಗಾದ್ರೆ ಕಿತ್ತಳೆ ಮಾರು! ಗಿರಾಕಿಗೆ ನಿಂತಲ್ಲಿಂದ್ಲೇ ಎಸೀಬಹುದು."

ನೆಫ್ತಾಲಿಗೆ ನಗು ಬರಲಿಲ್ಲ. ಬಾಟಲಿ ಮುಚ್ಚಳ ಎಸೆದು, ಪೊರಕೆ ಕೋಲಿನಲ್ಲಿ ಹೊಡೆದು ಬೆಳೆದವನು ಅವನು. ಜಗತ್ತೆಂದರೆ ಒಂದು ಮಣ್ಣಿನ ದಿಬ್ಬ, ಅದರ ಮೇಲೆ ತಾನು, ಎದುರಿಗೆ ಬ್ಯಾಟು ಹಿಡಿದ ಒಬ್ಬ ಶತ್ರು. ದಿಬ್ಬದಿಂದ ಇಳಿದವನು ಎಲ್ಲಿಗೆ ಹೋಗುತ್ತಾನೆಂದು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಅವತ್ತು ಎಸೆಯಬೇಕಾದವನು ಹಿಂದಿನ ದಿನ ಹುರಿದ ಮೀನು ತಿಂದು ಹೊಟ್ಟೆ ಕೆಡಿಸಿಕೊಂಡಿದ್ದ. ಹಾಗಾಗಿ ಚೆಂಡು ಅಜ್ಜನ ಕೈಗೆ ಬಂತು. ಎದುರು ರಾಜಧಾನಿಯ ತಂಡ.

ಮೊದಲ ಇನ್ನಿಂಗ್ಸಿನಲ್ಲೇ ಒಬ್ಬ ಹೊಡೆದ ಚೆಂಡು ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಂತಿದ್ದ ಏಡಿ ತಂಡದ ಯೊರ್ದಾನಿಯ ಕಾಲ ಸಂದಿಯಲ್ಲಿ ತೂರಿಹೋಯಿತು. 'ತಗೋ, ಹಿಟ್ ಬಿತ್ತು' ಅಂದುಕೊಂಡ ನೆಫ್ತಾಲಿ. ಹೊಡೆದವನು ಯಾರ ತಪ್ಪೂ ಇಲ್ಲದೆ ಬೇಸು ಮುಟ್ಟಿದರೆ ಅದು ಹಿಟ್, ಎಸೆದವನ ಲೆಕ್ಕಕ್ಕೆ. ಆದರೆ ಮೇಲೆ ಕೂತು ಲೆಕ್ಕ ಬರೆಯುವಾತ ಬಾಯಿ ಒರೆಸಿಕೊಂಡು ಯೋಚಿಸಿ, ಅದು ಹಿಟ್ ಅಲ್ಲ, ಯೊರ್ದಾನಿಯ ತಪ್ಪು ಅಂತ ಫಲಕಕ್ಕೆ ಹಾಕಿಸಿದ. ನೆಫ್ತಾಲಿ ಅದನ್ನು ನೋಡಲೇ ಇಲ್ಲ. ಆಟದ ಮಧ್ಯೆ ಫಲಕ ನೋಡುವುದೆಂದರೆ ತನ್ನ ಜಾತಕ ತಾನೇ ಓದಿಕೊಂಡ ಹಾಗೆ ಅಂತ ಅವನ ನಂಬಿಕೆ.

ಆಮೇಲೆ ಬಂದವರೆಲ್ಲ ಗಾಳಿಗೆ ಹೊಡೆದರು, ಇಲ್ಲವೇ ಕೈಗೆ ಕ್ಯಾಚು ಕೊಟ್ಟರು. ಅಜ್ಜನ ಚೆಂಡು ಎಷ್ಟು ನಿಧಾನವಾಗಿ ಬರುತ್ತಿತ್ತೆಂದರೆ, ಒಬ್ಬನಂತೂ ಬ್ಯಾಟು ಬೀಸಿ ಮುಗಿಸಿ, ಆಕಳಿಸಿದ ಮೇಲೆ ಚೆಂಡು ತಲುಪಿತು.

ಐದನೇ ಇನ್ನಿಂಗ್ಸ್ ಮುಗಿದು ಆಟಗಾರರು ಕೂರುವ ಡಗೌಟಿಗೆ ಬಂದರೆ ಬೆಂಚಿನ ಅರ್ಧ ಖಾಲಿ. ಎಲ್ಲರೂ ಇನ್ನೊಂದು ತುದಿಗೆ ಒತ್ತಿಕೊಂಡಿದ್ದರು.

"ಲೋ ಫೌಸ್ತೊ, ನೀರ್ ಕೊಡೋ."

ಮುಖವಾಡ ತೊಟ್ಟು ಬ್ಯಾಟಿನ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಫೌಸ್ತೊ ಬಾಟಲಿಯನ್ನು ಬೆಂಚಿನ ಮೇಲಿಟ್ಟು ಓಡಿದ. ಮಾತಿಲ್ಲ.

ಏಡಿ ತಂಡದಲ್ಲಿ ಎರಡು ಥರದ ಮೌನ ಉಂಟು. ಯಾರ ಬಟ್ಟೆ ಗಂಟು ಕಟ್ಟಿಸುವುದು ಖಾತ್ರಿಯಾಗಿದೆಯೋ ಅವನೊಡನೆ ಯಾರೂ ಮಾತಾಡುವುದಿಲ್ಲ, ರೋಗ ಅಂಟೀತು ಅಂತ. ಎಸೆಯುವವನು ಅರ್ಧ ಆಟ ಮುಗಿದರೂ ಒಂದೂ ಹಿಟ್ ಕೊಟ್ಟಿಲ್ಲದಿದ್ದರೆ ಅವನೊಡನೆಯೂ ಮಾತಾಡುವುದಿಲ್ಲ. ಬಾಯಿ ತೆರೆದರೆ ಅವನ ಪುಣ್ಯ ಹಾರಿಹೋಗುತ್ತದೆ. ಎರಡೂ ಮೌನ ನೋಡಲು ಅವಳಿ ಮಕ್ಕಳ ಹಾಗೆ. ತಾನು ಹಿಟ್ ಕೊಟ್ಟಾಗಿದೆ ಅಂದುಕೊಂಡವನಿಗೆ ಉಳಿದದ್ದು ಮೊದಲನೆಯದೇ.

"ನಾನೇನ್ ಸತ್ತೋಗಿದೀನೇನ್ರೋ?" ಅಂದ. ಯಾರೋ ಕೆಮ್ಮಿದರು.

ಏಳನೇ ಇನ್ನಿಂಗ್ಸಿನಲ್ಲಿ ಎದುರು ತಂಡದವನೊಬ್ಬ ಬೇಕೆಂದೇ ಕೂಗಿದ, "ಅಜ್ಜಾ, ನಿಂಗಿನ್ನೂ ಒಂದು ಹಿಟ್ಟೂ ಬಿದ್ದಿಲ್ವಂತಲ್ಲೋ!"

"ಉರಿಯೋ ಗಾಯಕ್ಕೆ ಉಪ್ಪು ಹಾಕ್ತೀಯೇನೋ ಮುಂಡೇದೆ!" ಅಂದ ನೆಫ್ತಾಲಿ. ಕಣ್ಣು ತುಂಬಿ ಬಂತು. ಆ ಸಿಟ್ಟಿಗೇ ಇನ್ನೂ ಮೂವರು ಔಟಾದರು.

ಎಂಟನೆಯದರಲ್ಲಿ ತನ್ನ ಎಸೆತ ಮುಗಿದ ಕೂಡಲೇ ಅವನು ಮ್ಯಾನೇಜರ್ ಉಲಿಸೆಸ್ ಎದುರು ನಿಂತ. ಟೋಪಿ ಕೈಯಲ್ಲಿತ್ತು.

"ಯಜಮಾನ್ರೇ, ಬಾಯ್ಬಿಟ್ಟು ಹೇಳ್ಬಿಡಿ. ನಾಳೆ ನಾನು ಬರ್ಬೇಕಾ, ಬೇಡ್ವಾ?"

ಉಲಿಸೆಸ್ ಮುಖ ಬೆವರಿತು. ಕೊನೆಗೆ ಟವೆಲನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಗೆ ತಿರುಗಿ ಕೂತುಬಿಟ್ಟ.

"ಗೊತ್ತಾಯ್ತು ಬಿಡಿ," ಅಂದ ನೆಫ್ತಾಲಿ.

ಏಡಿಗಳು ಒಂದು ರನ್ ಮುಂದಿದ್ದರು, ಈಗ ಬ್ಯಾಟು ಮಾಡುವ ಸರದಿ ಅವರದು. ಅಷ್ಟರಲ್ಲಿ ಅಜ್ಜ ಬಟ್ಟೆ ಬದಲಿಸುವ ಕೋಣೆಗೆ ಹೋಗಿ, ಅಂಗಿ ಬಿಚ್ಚಿ, ಷವರ್ ಕೆಳಗೆ ನಿಂತು ಅಳತೊಡಗಿದ. ಅವರಾಗಿ ತಳ್ಳುವುದಕ್ಕಿಂತ ತಾನಾಗಿ ಹೋಗುವುದು ವಾಸಿ ಅನ್ನಿಸಿತ್ತು.

ಕೊನೆಯದಾದ ಒಂಬತ್ತನೆಯದು ಶುರುವಾಗಬೇಕು, ದಿಬ್ಬ ಖಾಲಿ! ಅಂಪೈರ್ ಕೈ ಬೀಸಿ ಕರೆಯುತ್ತಿದ್ದಾನೆ. ಸಮಯ ಕಳೆಯಲು ಮೂರನೇ ಬೇಸಿನವನು ಕಾಲು ಉಳುಕಿತೆಂದು ಬಿದ್ದು ಹೊರಳಾಡಿದ. ಅವನ ನಟನೆ ನೋಡಿ ಅವನ ತಾಯಿಯೇ ಮೇಲಿನಿಂದ ಚಪ್ಪಲಿ ಎಸೆದಳಂತೆ. ಇತ್ತ ಫೌಸ್ತೊ ಮತ್ತು ಯೊರ್ದಾನಿ ಷವರಿನ ಬಾಗಿಲಲ್ಲಿ ಮೂಗರ ಹಾಗೆ ಕೈಸನ್ನೆ ಮಾಡುತ್ತ ನಿಂತರು.

"ಕಳಿಸ್ಕೊಡೋಕೆ ಬಂದ್ರಾ? ಹೋಗ್ರೋ, ನಂಗೆ ಮೆರವಣಿಗೆ ಬೇಡ."

ಫೌಸ್ತೊ ಅವನ ಒದ್ದೆ ಕೈಗೆ ಗ್ಲೌಸು ತುರುಕಿದ. ಅಜ್ಜ ಅದನ್ನು ಬಿಸಾಡಿದ. ಯೊರ್ದಾನಿಗೆ ಇನ್ನು ತಡೆಯಲಾಗಲಿಲ್ಲ.

"ಅಜ್ಜಾ, ಅದು ಹಿಟ್ ಅಲ್ವೋ! ನನ್ ತಪ್ಪು ಅಂತ ಹಾಕವ್ರೆ! ನಿಂಗೆ ಇವತ್ತು ಒಬ್ಬನೂ ಹೊಡ್ದಿಲ್ಲ ಕಣೋ!"

ಫೌಸ್ತೊ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಹಣೆ ಚಚ್ಚಿಕೊಂಡ. "ಆಯ್ತು. ಎಲ್ಲಾ ಹೊಗೆ ಹಾಕ್ದೆ."

ನೆಫ್ತಾಲಿ ನೀರು ಸೋರುವ ತಲೆಯಲ್ಲಿ, ಗುಂಡಿ ತಪ್ಪಿ ಹಾಕಿದ ಅಂಗಿಯಲ್ಲಿ ದಿಬ್ಬಕ್ಕೆ ಓಡಿದ. ಗೊತ್ತಿಲ್ಲದಾಗ ಹಗುರವಾಗಿದ್ದ ಚೆಂಡು ಈಗ ಗುಂಡುಕಲ್ಲಾಗಿತ್ತು. ಇನ್ನು ಮೂವರು ಔಟಾದರೆ ಅವನನ್ನು ಕಳಿಸುವ ಧೈರ್ಯ ಈ ದ್ವೀಪದಲ್ಲಿ ಯಾರಿಗಿದೆ? ಎಸೆದ. ಎದುರಿನವನು ಹೊಡೆದ ಚೆಂಡು ಎಲ್ಲರ ತಲೆಯ ಮೇಲೆ ಹಾರಿ ಹುಲ್ಲಿಗೆ ಬಿತ್ತು. ಯಾರ ತಪ್ಪೂ ಅಲ್ಲದ, ಶುದ್ಧ ಹಿಟ್. ಮೈದಾನವೆಲ್ಲ ಉಸಿರುಬಿಟ್ಟಿತು.

ಉಲಿಸೆಸ್ ಮೆಲ್ಲಗೆ ನಡೆದು ಬಂದ. ಈಗ ಅವನ ನಾಲಗೆಗೆ ಕಟ್ಟಿರಲಿಲ್ಲ.

"ಕೇಳಿದ್ಯಲ್ಲ ಅಜ್ಜ. ನಾಳೆ ಬರ್ಬೇಡ. ಬೆಳಿಗ್ಗೇನೇ ಮೇಲಿನವ್ರು ಹೇಳಿದ್ರು. ಇದೊಂದು ಆಗಿದ್ರೆ ಅವ್ರ ಕಾಲಿಗೆ ಬಿದ್ದಾದ್ರೂ ಉಳಿಸ್ಕೋತಿದ್ದೆ. ಚೆಂಡು ಕೊಡು."

ನೆಫ್ತಾಲಿ ಚೆಂಡನ್ನು ಎದೆಗೆ ಒತ್ತಿಕೊಂಡ. "ಕೊಡಲ್ಲ. ಇವತ್ತಿನ್ನೂ ಮುಗಿದಿಲ್ಲ."

"ಅಜ್ಜ..."

"ಮೂವರನ್ನ ಔಟ್ ಮಾಡ್ತೀನಿ, ಆಮೇಲೆ ಹೋಗ್ತೀನಿ. ಒಂದೇ ಕೇಳ್ಕೋತೀನಿ. ಸುಮ್ನಿರ್ಬೇಡ್ರೋ. ಆಗ್ಲಿಂದ ಕಿವಿ ಸತ್ತೋಗಿದೆ. ಏನಾದ್ರೂ ಮಾತಾಡ್ತಾ ಇರ್ರಪ್ಪಾ."

ಉಲಿಸೆಸ್ ಖಾಲಿ ಕೈಯಲ್ಲಿ ವಾಪಸು ನಡೆದ. ಯೊರ್ದಾನಿ ಶುರುಮಾಡಿದ, ತನ್ನ ಅತ್ತೆಯ ಗೊರಕೆ ಬಗ್ಗೆ. ಮೂರನೇ ಬೇಸಿನವನು ಚಪ್ಪಲಿ ಏಟಿನ ಬಗ್ಗೆ. ಫೌಸ್ತೊ ಮುಖವಾಡದ ಹಿಂದಿನಿಂದ ಕೋಳಿ ಜಗಳದ ಬಗ್ಗೆ. ಎಲ್ಲರೂ ಒಟ್ಟಿಗೆ, ಗಂಟಲು ಹರಿಯುವ ಹಾಗೆ. ಆ ಗದ್ದಲದ ನಡುವೆ ನೆಫ್ತಾಲಿ ಕೈ ಮೇಲೆತ್ತಿದ.