ಕಾಲ ಮೇಲೆ ಕಾಲು

ದಮಾರೆತಾಳ ಹೊಸಿಲು ತುಳಿಯುವುದಿಲ್ಲವೆಂದು ನಾನು ಆಣೆ ಇಟ್ಟು ಎರಡು ವರ್ಷವಾಗಿತ್ತು. ಅಮ್ನಿಸೋಸ್‌ನ ಅರ್ಧ ಊರು ಭೂಮಿಗೆ ಬಿದ್ದದ್ದು ಸೂಲಗಿತ್ತಿ ಮಿರೋ ಎಂಬ ನನ್ನ ಈ ಕೈಗೆ. ನನ್ನ ಸ್ವಂತ ಮಗಳು ತಿಮೋ ಮಾತ್ರ, ಆ ಮನೆಗೆ ಸೊಸೆಯಾಗಿ ಹೋದವಳು, ಹೆರಲಾರದೆ ಸತ್ತಳು. ಆ ದಿನ ದಮಾರೆತಾ ನನ್ನನ್ನು ಒಳಗೆ ಬಿಡಲಿಲ್ಲ. ಬಾಗಿಲ ಹೊರಗೆ ನಿಂತು ಮಗಳ ಕೂಗು ಕೇಳಿದೆ. ಕೂಗು ನಿಂತದ್ದನ್ನೂ ಕೇಳಿದೆ.

ಈಗ ಎರಡನೆಯ ಸೊಸೆ ಫಿಲಿನ್ನಾಳಿಗೆ ನೋವು ಶುರುವಾಗಿ ಎರಡು ದಿನ. ದಮಾರೆತಾಳೇ ನನ್ನ ಅಂಗಳಕ್ಕೆ ಬಂದಳು.

"ಬಾ," ಅಂದಳು, ಆಳಿಗೆ ಹೇಳುವ ಹಾಗೆ.

"ಯಾಕೇ? ದೇವಿ ಗುಹೆಗೆ ಒಂದು ಗಡಿಗೆ ಜೇನು ಕೊಟ್ಟರೆ ಐಲೈಥಿಯಾ ತಾಯೀನೇ ಬಂದು ಹೆರಿಗೆ ಮಾಡಿಸ್ತಾಳೆ ಅಂತಿದ್ದೆಯಲ್ಲ!"

"ಮೂರು ಗಡಿಗೆ ಕೊಟ್ಟಾಯ್ತು. ಬರ್ತೀಯೋ ಇಲ್ವೋ?"

ನಾನು ಹೋದದ್ದು ಅವಳ ಮುಖ ನೋಡಿ ಅಲ್ಲ. ಒಳಗೆ ನರಳುತ್ತಿದ್ದವಳು ಹದಿನಾರರ ಹುಡುಗಿ, ಅವಳೇನು ಪಾಪ ಮಾಡಿದ್ದಳು?

ಹೋದವಳೇ ಗಂಟುಗಳನ್ನೆಲ್ಲ ಬಿಚ್ಚಿಸಿದೆ. ಹೆಂಗಸರ ಜಡೆ, ಸೊಂಟದ ಪಟ್ಟಿ, ದ್ರಾಕ್ಷಾರಸದ ತೊಗಲುಚೀಲದ ಬಾಯಿ, ಅಂಗಳದಲ್ಲಿ ಕಟ್ಟಿದ್ದ ಮೇಕೆಯ ಹಗ್ಗ. ಒಂದು ಗಂಟು ಉಳಿದರೂ ಮಗು ಒಳಗೇ ಉಳಿಯುತ್ತದೆ. ಐಲೈಥಿಯಾ ತಾಯಿ ಮುನಿದರೆ ಕಾಲ ಮೇಲೆ ಕಾಲು ಹಾಕಿ, ಬೆರಳಿಗೆ ಬೆರಳು ಹೆಣೆದು ಕೂರುತ್ತಾಳೆ. ಅವಳು ಏಳುವ ತನಕ ಹೆರಿಗೆಯಿಲ್ಲ. ಹಾಗೆ ಕೂತು ಹೆರಿಗೆ ತಡೆಯುವುದು ಮನುಷ್ಯರಿಗೂ ಬರುತ್ತದೆ.

ಮಗುವಿನ ತಲೆ ಸರಿಯಾಗಿ ಕೆಳಗೇ ಇತ್ತು. ಬೆನ್ನು ನೀವಿದೆ, ಎಣ್ಣೆ ಹಚ್ಚಿದೆ. ಫಿಲಿನ್ನಾ ನನ್ನ ತೋಳನ್ನೇ ಕಚ್ಚಿ ಹಿಡಿದಿದ್ದಳು.

ಆಗ ದಮಾರೆತಾ ನೆರೆಯ ಹೆಂಗಸರಿಗೆ ಹೇಳಿದಳು: "ಇವಳಾದರೂ ಹೆರ್ತಾಳೆ ಬಿಡಿ. ಆ ತಿಮೋ ಬರೀ ಮೂಳೆ ಚಕ್ಕಳ. ಅದು ಹೆರೋ ಮೈಯೇ ಅಲ್ಲ."

ಮೈಯೆಲ್ಲ ಉರಿದುಹೋಯಿತು. ಎದ್ದೆ, ಗೋಡೆ ಪಕ್ಕದ ಮಣೆ ಎಳೆದುಕೊಂಡೆ, ಕಾಲ ಮೇಲೆ ಕಾಲು ಹಾಕಿ ಮೊಣಕಾಲಿನ ಮೇಲೆ ಬೆರಳು ಹೆಣೆದು ಕೂತುಬಿಟ್ಟೆ.

ಹೆಂಗಸರು ಹೌಹಾರಿದರು. "ಅಯ್ಯೋ, ಏನ್ ಮಾಡ್ತಿದೀಯೇ ಮಿರೋ! ಕಾಲಿಳಿಸು!"

"ಇವಳು ಬಾಯಿ ಬಿಡಲಿ, ಇಳಿಸ್ತೀನಿ. ದಮಾರೆತಾ, ಅವತ್ತು ನನ್ನನ್ನ ಯಾಕೆ ಒಳಗೆ ಬಿಡಲಿಲ್ಲ?"

"ಹಾದಿಬೀದಿ ಜಗಳಕ್ಕೆ ಇದು ಹೊತ್ತೇನೇ?"

"ಹೌದು, ಇದೇ ಹೊತ್ತು."

ಫಿಲಿನ್ನಾ ಚೀರಿದಳು. ನಾನು ಕದಲಲಿಲ್ಲ. ಇನ್ನೊಮ್ಮೆ ಚೀರಿದಳು. ಆಗಲೂ ಕದಲಲಿಲ್ಲ.

ದಮಾರೆತಾಳ ತುಟಿ ಬಿಳಿಚಿಕೊಂಡಿತು. "ಕೂತಿದ್ದೆ ಕಣೇ! ಅವತ್ತು ನಾನೂ ಹೀಗೇ ಕೂತಿದ್ದೆ, ಸಾಕಾ? ಒಳಗೆ ಬಂದಿದ್ದರೆ ನೀನು ನೋಡಿಬಿಡ್ತಿದ್ದೆ. ನನ್ನ ಮಾತು ಮೀರಿ ಮಗ ಕಟ್ಟಿಕೊಂಡವಳು, ಒಂದಿಷ್ಟು ಸಂಕಟ ಪಡಲಿ ಅಂತ ಕೂತೆ. ಸಾಯಲಿ ಅಂತಲ್ಲ. ಕಾಲು ಇಳಿಸೋ ಹೊತ್ತಿಗೆ ತಡವಾಗಿತ್ತು."

ಅವಳ ಮುಖ ಪರಚಿ ಹಾಕಬೇಕೆನಿಸಿತು. ಆದರೆ ಫಿಲಿನ್ನಾಳ ದನಿ ಕುಗ್ಗುತ್ತಿತ್ತು, ಅದು ನನಗೆ ಗೊತ್ತಿದ್ದ ಕುಗ್ಗು. ಕಾಲಿಳಿಸಿ ಓಡಿದೆ.

ಬಿಸಿಲು ಅಂಗಳದ ನಡುವಿಗೆ ಬರುವ ಮೊದಲೇ ಹೆಣ್ಣು ಮಗು ಹುಟ್ಟಿತು. ಸ್ವಲ್ಪ ನೀಲಿಗಟ್ಟಿತ್ತು, ಬೆನ್ನು ತಟ್ಟಿದೆ, ಅತ್ತಿತು. ತಾಯಿಯ ಎದೆಯ ಮೇಲಿಟ್ಟೆ.

ದಮಾರೆತಾ ಕೈ ಚಾಚಿದಳು. ಫಿಲಿನ್ನಾ ಮಗುವನ್ನು ಆಚೆ ತಿರುಗಿಸಿಕೊಂಡಳು. "ಮುಟ್ಟಬೇಡಿ, ಅತ್ತೆ."

ನನಗೆ ಎಂಥ ಖುಷಿಯಾಯಿತೆಂದರೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಮಗುವಿನ ಮುಖ ಒರೆಸಲು ಬಾಗಿದೆ.

"ನೀವೂ ಬೇಡ," ಅಂದಳು ಹುಡುಗಿ. ದನಿ ಸೋತಿತ್ತು, ಕಣ್ಣು ಸೋತಿರಲಿಲ್ಲ. "ಅವರು ಕೂತಿದ್ದನ್ನ ನಾನು ನೋಡಿಲ್ಲ. ನೀವು ಕೂತಿದ್ದನ್ನ ನೋಡಿದೆ."

ಮಗುವನ್ನು ಹರಸದೆ ಹೊರಗೆ ಬಂದೆ. ಹರಸು ಎಂದು ಯಾರೂ ಕರೆಯಲಿಲ್ಲ.