ಮೂರರಲ್ಲಿ ಎರಡು ಪಾಲು

ಈ ದೇಶದಲ್ಲಿ ಮೌಖಿಕ ಪರೀಕ್ಷೆಯೆಂದರೆ ಮೇಜಿಗೆ ಹಸಿರು ಬಟ್ಟೆ ಹಾಸಲೇಬೇಕು. ಆರ್ಹುಸ್‌ನ ಈ ವಯಸ್ಕರ ಶಾಲೆಯಲ್ಲೂ ಹಾಸಿದ್ದರು. ಅದರ ಮೇಲಿದ್ದ ಚೀಟಿಗಳಲ್ಲಿ ಒಂದನ್ನು ಬೋಡಿಲ್ ಎತ್ತಿಕೊಂಡಳು. ಅವಳ ನಲವತ್ತಮೂರು ವರ್ಷಗಳಲ್ಲಿ ಇಪ್ಪತ್ತು ಬೇಕರಿಯಲ್ಲೇ ಕಳೆದಿದ್ದವು. ಇವತ್ತು ಗಣಿತದಲ್ಲಿ ಪಾಸಾದರೆ ಆಹಾರ ವಿಜ್ಞಾನದ ಕೋರ್ಸಿಗೆ ಸೀಟು. ರೈ ಧಾನ್ಯದ ಬ್ರೆಡ್ಡಿನ ಹುಳಿಹಿಟ್ಟಿನೊಳಗೆ ಬದುಕಿರುವುದೇನೆಂದು ಕಣ್ಣಾರೆ ನೋಡಬೇಕೆಂಬ ಆಸೆ ಅವಳನ್ನು ಬಿಟ್ಟಿರಲಿಲ್ಲ.

ಚೀಟಿಯಲ್ಲಿತ್ತು: 4ˣ + 6ˣ = 2·9ˣ.

ಮೂರೂ ಬೇರೆ ಬೇರೆ ಆಧಾರಸಂಖ್ಯೆಗಳು, ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಮೂವರು ಓರಗಿತ್ತಿಯರ ಹಾಗೆ. ಬೋಡಿಲ್ ಕರಿಹಲಗೆಯ ಮೇಲೆ ಎಲ್ಲವನ್ನೂ 9ˣರಿಂದ ಭಾಗಿಸಿದಳು. ಎರಡನೆಯದು (2/3)ˣ ಆಯಿತು, ಮೊದಲನೆಯದು ಅದರದೇ ವರ್ಗ. (2/3)ˣಗೆ t ಎಂದು ಹೆಸರಿಟ್ಟಳು. t² + t = 2. ಗಂಟು ಸಡಿಲವಾಯಿತು. t ಎಂದರೆ ಒಂದು, ಇಲ್ಲವೇ ಮೈನಸ್ ಎರಡು. ಸೀಮೆಸುಣ್ಣ ಕೆಳಗಿಟ್ಟಳು.

ಅವಳ ಮೇಷ್ಟ್ರು ಎಸ್ಕಿಲ್ ಕಣ್ಣು ಮುಚ್ಚಿಕೊಂಡರು.

"ಮುಗೀತಾ?" ಬೇರೆ ಶಾಲೆಯಿಂದ ಬಂದಿದ್ದ ಪರೀಕ್ಷಕಿ ಹೆನ್ರಿಯೆಟ್ಟೆ ಕೇಳಿದರು.

"ಹ್ಞೂಂ... ಅಯ್ಯೋ ಇಲ್ಲ, ತಡೀರಿ." t ಬರೀ ಬದಲಿಗೆ ಬಂದವಳು. ಕೇಳಿದ್ದು x ಅನ್ನು.

"ಆ ಮೈನಸ್ ಎರಡನ್ನ ಏನ್ಮಾಡ್ತೀರಿ?"

"ಬಿಸಾಕ್ತೀನಿ."

"ಯಾಕೆ? ಪುಸ್ತಕದಲ್ಲಿ ಹಾಗಿದೆ ಅಂತಲಾ?"

ಪುಸ್ತಕದ ಸಾಲು ನೆನಪಾಗಲಿಲ್ಲ. ನೆನಪಾದದ್ದು ಬೇಕರಿಯ ಜಾಡಿ.

"ಜಾಡೀಲಿ ಹುಳಿಹಿಟ್ಟಿದೆ ಅಂದ್ಕೊಳ್ಳಿ. ಹೊಸದು ಬೆರೆಸಲ್ಲ. ದಿನಾ ಮೂರರಲ್ಲಿ ಒಂದು ಪಾಲು ತೆಗೆದ್ರೆ ಎರಡು ಪಾಲು ಉಳಿಯುತ್ತೆ. ನಾಳೆ ಅದರಲ್ಲಿ ಮೂರರಲ್ಲೆರಡು. x ಅಂದ್ರೆ ಎಷ್ಟು ದಿನ ಅಂತ, t ಅಂದ್ರೆ ಮೊದಲಿದ್ದದ್ರಲ್ಲಿ ಎಷ್ಟು ಪಾಲು ಉಳಿದಿದೆ ಅಂತ. ವರ್ಷಗಟ್ಲೆ ತೆಗೆದ್ರೂ ತಳದಲ್ಲಿ ಒಂಚೂರು ಅಂಟ್ಕೊಂಡೇ ಇರುತ್ತೆ. ಸೊನ್ನೆಗಿಂತ ಕಡಿಮೆ ಹಿಟ್ಟು ಯಾವ ಜಾಡೀಲಿದೆ ಹೇಳಿ?"

ಹೆನ್ರಿಯೆಟ್ಟೆ ಪೆನ್ನು ಕೆಳಗಿಟ್ಟರು. "ಹಾಗಾದ್ರೆ t ಒಂದು ಅಂದ್ರೆ?"

"ಜಾಡಿಗೆ ಇನ್ನೂ ಕೈ ಹಾಕಿಲ್ಲ. x ಸೊನ್ನೆ." ಹೇಳಿದ ಮೇಲೆ ಅವಳಿಗೇ ಅಚ್ಚರಿ. ಮೂಲ ಸಮೀಕರಣಕ್ಕೆ ಸೊನ್ನೆ ಹಾಕಿ ನೋಡಿದಳು. ಈ ಕಡೆ ಒಂದೂ ಒಂದೂ, ಆ ಕಡೆ ಎರಡು.

"ನಮ್ಮ ಅಂಕಗಳು ಮೈನಸ್ ಮೂರರಿಂದಲೇ ಶುರುವಾಗಿ ಹನ್ನೆರಡಕ್ಕೆ ಮುಗಿಯುತ್ತವಲ್ಲ," ಎಂದರು ಎಸ್ಕಿಲ್, ಉಸಿರು ಬಿಟ್ಟು. "ಈ ದೇಶದಲ್ಲಿ ಹಿಟ್ಟಿಗಿರೋ ಮರ್ಯಾದೆ ವಿದ್ಯಾರ್ಥಿಗಿಲ್ಲ."

ಅವಳನ್ನು ಐದು ನಿಮಿಷ ಕಾರಿಡಾರಿನಲ್ಲಿ ನಿಲ್ಲಿಸಿ ಮತ್ತೆ ಒಳಗೆ ಕರೆದರು.

"ಹತ್ತು," ಎಂದರು ಹೆನ್ರಿಯೆಟ್ಟೆ. "ಹನ್ನೆರಡೇ ಕೊಡ್ತಿದ್ದೆ, ಸೀಮೆಸುಣ್ಣ ಬೇಗ ಇಟ್ಬಿಟ್ರಲ್ಲ!"

ಸೀಟು ಸಿಕ್ಕಿದ ಹಾಗೆಯೇ. ಬೋಡಿಲ್ ಬಾಗಿಲವರೆಗೆ ಹೋಗಿ ತಿರುಗಿದಳು.

"ಒಂದು ಕೇಳ್ಲಾ? x ಮೈನಸ್ ಆದ್ರೆ? ನಿನ್ನೆ, ಮೊನ್ನೆ ಜಾಡೀಲಿ ಎಷ್ಟಿತ್ತು ಅಂತಲಾ?"

ಮುಂದಿನವರ ಹೆಸರು ಕರೆಯಲು ಎದ್ದಿದ್ದ ಹೆನ್ರಿಯೆಟ್ಟೆ ಮತ್ತೆ ಕೂತರು.